ಆಯವ್ಯಯ, ಬಡ್ಡಿ ದರ ಮತ್ತು ನಮ್ಮ ಕನ್ನಡ ಶಾಲೆ: ತಾಳವಾಡಿಯ ಕುಟುಂಬಗಳಿಗೊಂದು ಮಾಹಿತಿ ಲೇಖನ

ಪ್ರತಿ ವರ್ಷ ಫೆಬ್ರವರಿ 1ರಂದು ದೆಹಲಿಯಲ್ಲಿ ಕೇಂದ್ರದ ಆಯವ್ಯಯ ಮಂಡನೆಯಾಗುತ್ತದೆ. ಅದರ ಬೆನ್ನಿಗೇ ಸಾಮಾನ್ಯವಾಗಿ ಚೆನ್ನೈ ಮತ್ತು ಬೆಂಗಳೂರಿನಲ್ಲಿ ರಾಜ್ಯಗಳ ಆಯವ್ಯಯಗಳು ಬರುತ್ತವೆ. ಮುಂಬಯಿಯಲ್ಲಿರುವ ರಿಸರ್ವ್ ಬ್ಯಾಂಕು ಸುಮಾರು ಎರಡು ತಿಂಗಳಿಗೊಮ್ಮೆ ಬಡ್ಡಿ ದರವನ್ನು ಪ್ರಕಟಿಸುತ್ತದೆ. ಇವೆಲ್ಲ ದೊಡ್ಡ ಊರುಗಳ ಮಾತು ಎಂದು ನಾವು ಸಾಮಾನ್ಯವಾಗಿ ಪತ್ರಿಕೆಯ ಪುಟ ತಿರುವಿಬಿಡುತ್ತೇವೆ. ಆದರೆ ಆ ತೀರ್ಮಾನಗಳೇ ದಿಂಬಂ ಘಾಟಿಯ 27 ತಿರುವುಗಳನ್ನು ಏರಿ ಬಂದು ನಮ್ಮ ಮಕ್ಕಳ ಶಾಲೆಯ ಶಿಕ್ಷಕರ ಹುದ್ದೆ, ಪಠ್ಯಪುಸ್ತಕ, ಹೊಲದ ಸಾಲ ಮತ್ತು ಸಂತೆಯ ಬೆಲೆಗಳನ್ನು ನಿರ್ಧರಿಸುತ್ತವೆ. ಅದು ಹೇಗೆಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲು ಯತ್ನಿಸಿದ್ದೇವೆ.

ಎರಡು ರಾಜ್ಯಗಳ ನಡುವೆ

1956ರ ನವೆಂಬರ್ 1ರಂದು ಭಾಷಾವಾರು ಪುನರ್ವಿಂಗಡಣೆಯಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿತು. ಕನ್ನಡ ಮಾತಾಡುವ ತಾಳವಾಡಿ ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಅಂದಿನಿಂದ ನಮ್ಮ ಶಾಲೆ, ರಸ್ತೆ, ಪಡಿತರಗಳಿಗೆ ಹಣ ಬರುವುದು ಚೆನ್ನೈಯ ಖಜಾನೆಯಿಂದ. ನಮ್ಮ ಕೊಡುಕೊಳ್ಳುವ ವ್ಯವಹಾರ ಮಾತ್ರ ಬಹುಪಾಲು ಹತ್ತಿರದ ಚಾಮರಾಜನಗರದೊಡನೆ. ಜಿಲ್ಲಾ ಕೇಂದ್ರವಾದ ಈರೋಡು ನೂರು ಕಿಲೋಮೀಟರಿಗೂ ದೂರ. 2016ರಲ್ಲಿ ಸತ್ಯಮಂಗಲದಿಂದ ಬೇರ್ಪಟ್ಟು ತಾಳವಾಡಿ ಪ್ರತ್ಯೇಕ ತಾಲ್ಲೂಕಾಯಿತು. ಅದುವರೆಗೆ ತಾಲ್ಲೂಕು ಕಚೇರಿಯ ಕೆಲಸಕ್ಕೆ ಘಟ್ಟ ಇಳಿಯುವುದರಲ್ಲಿಯೇ ಒಂದು ದಿನದ ಕೂಲಿ ಹೋಗುತ್ತಿತ್ತು. ಸರ್ಕಾರ ಒಂದು ಕಚೇರಿಗೆ ಮಾಡುವ ಖರ್ಚು ಸಾವಿರಾರು ಮನೆಗಳ ಖರ್ಚನ್ನು ಉಳಿಸಬಲ್ಲದು ಎಂಬುದಕ್ಕೆ ಇದೊಂದು ಸರಳ ನಿದರ್ಶನ.

ಸರ್ಕಾರದ ಖರ್ಚಿನ ಮೂರು ಬಗೆ

ಮೊದಲನೆಯದು ದಿನನಿತ್ಯದ ಆಡಳಿತ ವೆಚ್ಚ. ಶಿಕ್ಷಕರ ಸಂಬಳ, ಆಸ್ಪತ್ರೆಯ ಔಷಧಿ, ಪಠ್ಯಪುಸ್ತಕ ಇವು ಈ ಬಗೆಗೆ ಸೇರುತ್ತವೆ. ಎರಡನೆಯದು ಬಂಡವಾಳ ವೆಚ್ಚ: ರಸ್ತೆ, ಸೇತುವೆ, ಶಾಲಾ ಕಟ್ಟಡಗಳಂಥ ಬಹುಕಾಲ ಬಾಳುವ ಆಸ್ತಿಗಳ ನಿರ್ಮಾಣ. ಮೂರನೆಯದು ಜನರಿಗೆ ನೇರವಾಗಿ ತಲುಪುವ ನೆರವು: ಪಡಿತರ, ಪಿಂಚಣಿ, ಉದ್ಯೋಗ ಖಾತ್ರಿಯ ಕೂಲಿ, ಮಹಿಳೆಯರ ಮಾಸಿಕ ಸಹಾಯಧನ.

ಶಾಲೆಯ ಊಟ ಈ ಮೂರನೆಯ ಬಗೆಗೆ ಚೆನ್ನಾಗಿ ಹೊಂದುವ ಉದಾಹರಣೆ. ತಮಿಳುನಾಡಿನಲ್ಲಿ 1982ರ ಜುಲೈ 1ರಂದು ಪೌಷ್ಟಿಕ ಊಟದ ಯೋಜನೆ ಆರಂಭವಾಯಿತು. ಬೆಳಗಿನ ಉಪಾಹಾರದ ಯೋಜನೆ 2022ರ ಸೆಪ್ಟೆಂಬರ್ 15ರಂದು ಮೊದಲಾಗಿ, 2023ರ ಆಗಸ್ಟ್ 25ರಿಂದ ರಾಜ್ಯದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ವಿಸ್ತರಿಸಿತು. ಬೆಳಗಾಗುವ ಮುನ್ನ ತೋಟದ ಕೆಲಸಕ್ಕೆ ಹೊರಡುವ ತಾಯಿಗೆ ಇದರಿಂದ ಸಮಯ ಉಳಿಯುತ್ತದೆ. ಹಸಿವಿಲ್ಲದ ಮಗುವಿಗೆ ಪಾಠ ತಲೆಗೆ ಹತ್ತುತ್ತದೆ. ಮೇಲ್ನೋಟಕ್ಕೆ ಅನ್ನದ ಖರ್ಚಾಗಿ ಕಂಡರೂ ಇದು ಮುಂದಿನ ಪೀಳಿಗೆಯ ದುಡಿಮೆಯ ಮೇಲಿನ ಹೂಡಿಕೆಯೇ ಆಗಿದೆ.

ಒಂದು ರೂಪಾಯಿಯ ಪ್ರಯಾಣ

ಸರ್ಕಾರ ಕೊಟ್ಟ ಒಂದು ರೂಪಾಯಿ ಒಬ್ಬರ ಕೈಯಲ್ಲಿಯೇ ನಿಲ್ಲುವುದಿಲ್ಲ. ಶಿಕ್ಷಕರು ಸಂಬಳದಿಂದ ಮನೆ ಬಾಡಿಗೆ ಕೊಡುತ್ತಾರೆ, ತರಕಾರಿ ಕೊಳ್ಳುತ್ತಾರೆ. ತರಕಾರಿ ಮಾರಿದ ರೈತ ಆ ಹಣದಲ್ಲಿ ಗೊಬ್ಬರ ತರುತ್ತಾನೆ. ಗೊಬ್ಬರದ ಅಂಗಡಿಯವರು ಆಳಿಗೆ ಸಂಬಳ ಕೊಡುತ್ತಾರೆ. ಹೀಗೆ ಒಂದು ಖರ್ಚು ಹಲವರ ಆದಾಯವಾಗುವುದನ್ನು ಅರ್ಥಶಾಸ್ತ್ರದಲ್ಲಿ ಗುಣಕ ಪರಿಣಾಮವೆನ್ನುತ್ತಾರೆ. ಖಾಸಗಿ ಕಾರ್ಖಾನೆಗಳಾಗಲಿ ದೊಡ್ಡ ಕಂಪನಿಗಳಾಗಲಿ ಇಲ್ಲದ ಬೆಟ್ಟದ ಸೀಮೆಯಲ್ಲಿ ಸರ್ಕಾರದ ಖರ್ಚಿಗೆ ಇರುವ ಮಹತ್ತ್ವ ನಗರಗಳಲ್ಲಿರುವುದಕ್ಕಿಂತ ಹೆಚ್ಚು.

ಗಡಿಯಲ್ಲಿ ಇದಕ್ಕೊಂದು ವಿಶೇಷ ತಿರುವಿದೆ. 2017ರ ಜುಲೈ 1ರಿಂದ ಜಾರಿಯಲ್ಲಿರುವ ಜಿಎಸ್‌ಟಿ ಪ್ರಕಾರ ಅಂಗಡಿಯಲ್ಲಿ ನಿಂತು ಕೊಂಡ ಸರಕಿನ ಮೇಲಿನ ರಾಜ್ಯದ ಪಾಲು ಆ ಅಂಗಡಿಯಿರುವ ರಾಜ್ಯಕ್ಕೆ ಸಲ್ಲುತ್ತದೆ. ಚೆನ್ನೈಯಿಂದ ಬಂದ ಸಂಬಳದ ಹಣದಲ್ಲಿ ಚಾಮರಾಜನಗರದ ಅಂಗಡಿಯಲ್ಲಿ ಬಟ್ಟೆ ಕೊಂಡರೆ ರಾಜ್ಯದ ತೆರಿಗೆ ಬೆಂಗಳೂರಿಗೆ ಹೋಗುತ್ತದೆ. ಖರ್ಚು ಮಾಡಿದ ರಾಜ್ಯಕ್ಕೆ ಅದರ ಪ್ರತಿಫಲವೆಲ್ಲ ಮರಳುವುದಿಲ್ಲ.

ಕೂಲಿಯಲ್ಲಿಯೂ ಗಡಿ ಕಾಣಿಸುತ್ತದೆ. 2025–26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ತಮಿಳುನಾಡಿನಲ್ಲಿ 336 ರೂಪಾಯಿ, ಕರ್ನಾಟಕದಲ್ಲಿ 370 ರೂಪಾಯಿ. ನೂರು ದಿನದ ಕೆಲಸಕ್ಕೆ ಗಡಿಯ ಆಚೆಗೂ ಈಚೆಗೂ 3,400 ರೂಪಾಯಿಯ ಅಂತರ. ಎರಡನ್ನೂ ಗೊತ್ತುಪಡಿಸಿದ್ದು ಕೇಂದ್ರ ಸರ್ಕಾರವೇ.

ಹಣ ಬರುವುದೆಲ್ಲಿಂದ?

ರಾಜ್ಯಕ್ಕೆ ಮುಖ್ಯವಾಗಿ ಮೂರು ಮೂಲಗಳು: ತನ್ನದೇ ತೆರಿಗೆ ಮತ್ತಿತರ ಆದಾಯ, ಕೇಂದ್ರದ ತೆರಿಗೆಯಲ್ಲಿನ ಪಾಲು ಮತ್ತು ಅನುದಾನ, ಹಾಗೂ ಸಾಲ. 15ನೆಯ ಹಣಕಾಸು ಆಯೋಗ 2021–26ರ ಅವಧಿಗೆ ಹಂಚಿಕೆಗೆ ಒಳಪಡುವ ಕೇಂದ್ರ ತೆರಿಗೆಯ ಶೇ. 41ನ್ನು ರಾಜ್ಯಗಳಿಗೆ ಕೊಟ್ಟಿತು. ಅದರಲ್ಲಿ ತಮಿಳುನಾಡಿಗೆ ಶೇ. 4.079, ಕರ್ನಾಟಕಕ್ಕೆ ಶೇ. 3.647. ಉಳಿದ ಕೊರತೆಯನ್ನು ಸಾಲ ತುಂಬಬೇಕು.

ಸಾಲವೆಂದೊಡನೆ ಕೆಟ್ಟದ್ದೆನ್ನಲಾಗದು. ಬಾವಿ ತೋಡಿಸಲು ಮಾಡಿದ ಸಾಲ ಬೆಳೆಯಿಂದ ತೀರುತ್ತದೆ. ಹಬ್ಬಕ್ಕೆ ಮಾಡಿದ ಸಾಲ ಮುಂದಿನ ಹಬ್ಬಕ್ಕೂ ಉಳಿದಿರುತ್ತದೆ. ಸರ್ಕಾರಕ್ಕೂ ಇದೇ ಲೆಕ್ಕ. ತಮಿಳುನಾಡಿನ 2025–26ರ ಆಯವ್ಯಯದಲ್ಲಿ ಬಂಡವಾಳ ವೆಚ್ಚಕ್ಕೆ 57,231 ಕೋಟಿ, ಶಾಲಾ ಶಿಕ್ಷಣಕ್ಕೆ 46,767 ಕೋಟಿ ರೂಪಾಯಿ ಮೀಸಲಿಟ್ಟರೆ, ಹಳೆಯ ಸಾಲದ ಬಡ್ಡಿಗೇ ಸುಮಾರು 70 ಸಾವಿರ ಕೋಟಿ ಬೇಕಾಯಿತು. ಆದಾಯದ ಪ್ರತಿ ಐದು ರೂಪಾಯಿಯಲ್ಲಿ ಒಂದು ರೂಪಾಯಿಗೂ ಮಿಗಿಲು ಬಡ್ಡಿಗೆ ಸಲ್ಲುತ್ತದೆ. ಹೊಸ ಶಿಕ್ಷಕರ ಹುದ್ದೆಯನ್ನು ಕೇಳುವಾಗ ಹಣಕಾಸು ಇಲಾಖೆ ಏಕೆ ಹಿಂಜರಿಯುತ್ತದೆ ಎಂಬುದಕ್ಕೆ ಈ ಅಂಕಿಗಳಲ್ಲಿ ಒಂದು ಉತ್ತರವಿದೆ.

ಬಡ್ಡಿ ದರವೂ ಬೆಲೆಯೂ

ಬೆಲೆಗಳು ಏರಿದಾಗ ರಿಸರ್ವ್ ಬ್ಯಾಂಕು ರೆಪೊ ದರವನ್ನು ಏರಿಸುತ್ತದೆ. ಬ್ಯಾಂಕುಗಳಿಗೆ ಅದು ಸಾಲ ಕೊಡುವ ದರವಿದು. 2022ರ ಮೇ ತಿಂಗಳಿನಿಂದ 2023ರ ಫೆಬ್ರವರಿಯೊಳಗೆ ಅದು ಶೇ. 4ರಿಂದ 6.5ಕ್ಕೆ ಏರಿತು; 2025ರಲ್ಲಿ ಹಂತಹಂತವಾಗಿ ಇಳಿದು ಡಿಸೆಂಬರಿನಲ್ಲಿ ಶೇ. 5.25ಕ್ಕೆ ಬಂದಿತು. ದರ ಏರಿದರೆ ಟ್ರಾಕ್ಟರ್ ಸಾಲದ ಕಂತು ಭಾರವಾಗುತ್ತದೆ, ಸರ್ಕಾರದ ಹೊಸ ಸಾಲವೂ ದುಬಾರಿಯಾಗುತ್ತದೆ.

ಬೆಳೆ ಸಾಲಕ್ಕೆ ಮಾತ್ರ ಸರ್ಕಾರವೇ ಕೊಡೆ ಹಿಡಿದಿದೆ. ಕಿಸಾನ್ ಕ್ರೆಡಿಟ್ ಕಾರ್ಡಿನಡಿ 3 ಲಕ್ಷ ರೂಪಾಯಿಯವರೆಗಿನ ಅಲ್ಪಾವಧಿ ಸಾಲಕ್ಕೆ ಶೇ. 7, ಗಡುವಿನೊಳಗೆ ತೀರಿಸಿದರೆ ಶೇ. 4 ಬಡ್ಡಿ. ತಮಿಳುನಾಡಿನ ಸಹಕಾರ ಸಂಘಗಳಲ್ಲಿ ಸಕಾಲಕ್ಕೆ ತೀರಿಸುವ ರೈತನಿಗೆ ಬೆಳೆ ಸಾಲದ ಬಡ್ಡಿಯೇ ಇಲ್ಲ. ಉಳಿದ ಬಡ್ಡಿಯನ್ನು ಖಜಾನೆ ಭರಿಸುತ್ತದೆ. ಇದಕ್ಕೆ ಪ್ರತಿಯಾಗಿ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯ ಕೈಸಾಲವೆಂದರೆ ವರ್ಷಕ್ಕೆ ಶೇ. 36. ಐವತ್ತು ಸಾವಿರಕ್ಕೆ ಶೇ. 4ರಂತೆ ವರ್ಷದ ಬಡ್ಡಿ 2,000 ರೂಪಾಯಿ, ಕೈಸಾಲಕ್ಕೆ 18,000. ಈ 16,000 ರೂಪಾಯಿ ಒಂದು ಮಗುವಿನ ಓದನ್ನು ಮುಂದುವರಿಸಲೂ ಬಲ್ಲದು, ನಿಲ್ಲಿಸಲೂ ಬಲ್ಲದು.

ಕೈ ಬಿಗಿಯಾದಾಗ

ಬೊಕ್ಕಸ ಬರಿದಾದರೆ ಶಾಲೆಗೆ ಏನಾಗುತ್ತದೆಂಬುದನ್ನು ನೆರೆಯ ಶ್ರೀಲಂಕಾ ತೋರಿಸಿಕೊಟ್ಟಿತು. 2022ರ ಮಾರ್ಚಿನಲ್ಲಿ ಕಾಗದ ಆಮದಿಗೆ ವಿದೇಶಿ ವಿನಿಮಯವಿಲ್ಲದೆ ಅಲ್ಲಿನ ಪಶ್ಚಿಮ ಪ್ರಾಂತದಲ್ಲಿ ಶಾಲಾ ಪರೀಕ್ಷೆಗಳನ್ನೇ ಮುಂದೂಡಬೇಕಾಯಿತು. ಮರುತಿಂಗಳು ಆ ದೇಶ ವಿದೇಶಿ ಸಾಲದ ಮರುಪಾವತಿಯನ್ನು ನಿಲ್ಲಿಸಿತು. ಭಾರತದ ಸ್ಥಿತಿ ಹಾಗಿಲ್ಲ. ಆದರೂ ಅನುದಾನ ನಿಂತಾಗ ಬಿಸಿ ಇಲ್ಲಿಗೂ ತಟ್ಟುತ್ತದೆ. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಕೇಂದ್ರದ ಪಾಲು ಶೇ. 60, ರಾಜ್ಯದ್ದು ಶೇ. 40. 2024–25ರಲ್ಲಿ ತನಗೆ ಬರಬೇಕಾದ 2,152 ಕೋಟಿ ರೂಪಾಯಿ ಬರಲಿಲ್ಲವೆಂದೂ ವೆಚ್ಚವನ್ನು ತಾನೇ ಭರಿಸಿದೆನೆಂದೂ ತಮಿಳುನಾಡು ಸರ್ಕಾರ ಆಯವ್ಯಯ ಭಾಷಣದಲ್ಲಿ ತಿಳಿಸಿತು. ಪಿಎಂ ಶ್ರೀ ಯೋಜನೆಯ ಒಪ್ಪಂದದ ಕುರಿತ ಈ ವಿವಾದ 2025ರ ಮೇ ತಿಂಗಳಿನಲ್ಲಿ ಸುಪ್ರೀಂ ಕೋರ್ಟನ್ನು ಮುಟ್ಟಿತು.

ಇಂಥ ಬಿಗಿಯಲ್ಲಿ ಎಲ್ಲವನ್ನೂ ತಲೆಯೆಣಿಕೆಯಿಂದ ಅಳೆಯುವ ಪ್ರವೃತ್ತಿ ಬಲಗೊಳ್ಳುತ್ತದೆ. ಶಿಕ್ಷಣ ಹಕ್ಕು ಕಾಯಿದೆಯಂತೆ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕು. ಒಂದೇ ಶಾಲೆಯಲ್ಲಿ ತಮಿಳು, ಕನ್ನಡ ಎರಡೂ ಮಾಧ್ಯಮಗಳಿದ್ದು ಒಟ್ಟು ಸಂಖ್ಯೆಯನ್ನು ಮಾತ್ರ ನೋಡಿದರೆ, ಒಂದೊಂದು ಮಾಧ್ಯಮಕ್ಕೆ ಒಬ್ಬರೇ ಉಳಿಯಬಹುದು. ಐದು ತರಗತಿಗಳು ಒಂದೇ ಕೋಣೆಯಲ್ಲಿ ಕೂರಬೇಕಾಗಬಹುದು. ಅಲ್ಪಸಂಖ್ಯಾತ ಭಾಷೆಯ ಶಾಲೆಯ ಮೇಲಿನ ಖರ್ಚು ಒಂದು ಮಗುವಿನ ಲೆಕ್ಕದಲ್ಲಿ ಹೆಚ್ಚೆನಿಸುವುದು ಸಹಜ. ಆದರೆ ಅದು ಯಾರ ಔದಾರ್ಯವೂ ಅಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ.

ಪೋಷಕರು ಮಾಡಬಹುದಾದುದು

ಶಾಲಾ ನಿರ್ವಹಣಾ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಆ ಸಮಿತಿ ಸಿದ್ಧಪಡಿಸುವ ಶಾಲಾ ಅಭಿವೃದ್ಧಿ ಯೋಜನೆಯೇ ಸರ್ಕಾರದ ಅನುದಾನಕ್ಕೆ ಆಧಾರವೆಂದು ಕಾಯಿದೆಯ 22ನೆಯ ವಿಭಾಗ ವಿಧಿಸಿದೆ. ಆದ್ದರಿಂದ ಕನ್ನಡ ಮಾಧ್ಯಮದ ಮಕ್ಕಳ ಸಂಖ್ಯೆ, ಬೇಕಾದ ಶಿಕ್ಷಕರು ಮತ್ತು ಪುಸ್ತಕಗಳ ವಿವರವನ್ನು ಅದರಲ್ಲಿ ಪ್ರತ್ಯೇಕವಾಗಿ ಬರೆಸಬೇಕು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರ ಗ್ರಾಮಸಭೆಗಳಲ್ಲಿ ಅದನ್ನು ಮಂಡಿಸಿ ನಿರ್ಣಯ ಪಡೆಯಬಹುದು. ಮಂಜೂರಾದ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು ಎಂಬುದನ್ನು ಮಾಹಿತಿ ಹಕ್ಕಿನ ಅರ್ಜಿಯಿಂದ ತಿಳಿಯಬಹುದು; ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಬರಬೇಕು.

ಆಯವ್ಯಯದಲ್ಲಿ ಹಣವಿದ್ದರೂ ಕೇಳುವವರಿಲ್ಲದ ಕಡೆಗೆ ಅದು ಹರಿಯುವುದಿಲ್ಲ. ಬರೆದು, ಲೆಕ್ಕವಿಟ್ಟು, ಕಾಲಕ್ಕೆ ಸರಿಯಾಗಿ ಕೇಳುವುದು ನಮ್ಮ ಪಾಲಿನ ಕೆಲಸ. ಮುಂದಿನ ಶೈಕ್ಷಣಿಕ ವರ್ಷದ ಯೋಜನೆ ಸಿದ್ಧವಾಗುವ ಮೊದಲೇ ನಮ್ಮ ನಮ್ಮ ಶಾಲೆಯ ಸಮಿತಿಯಲ್ಲಿ ಈ ಮಾತನ್ನು ಎತ್ತೋಣ.