ಹಂಡೆಯ ಕೆಳಗಿನ ಬೆಂಕಿ: ‘ಇಂಧನ ಏಣಿ’ಯ ವಿಮರ್ಶೆಗೊಂದು ಮಲೆನಾಡಿನ ತಿದ್ದುಪಡಿ

ಹಳ್ಳಿಯ ಮನೆಗಳು ಸೌದೆಯಿಂದ ಸೀಮೆಎಣ್ಣೆಗೆ, ಅಲ್ಲಿಂದ ಅನಿಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ ಎಂಬ ‘ಇಂಧನ ಏಣಿ’ಯ ಕಲ್ಪನೆಯನ್ನು ಸಂಶೋಧಕರಾದ ಮಸೇರಾ, ಸಾಟ್‌ಕ್ಯಾಂಪ್ ಮತ್ತು ಕ್ಯಾಮೆನ್ 2000ದಲ್ಲಿ ಪ್ರಶ್ನಿಸಿದರು. ಮೆಕ್ಸಿಕೋದ ಹಳ್ಳಿಗಳಲ್ಲಿ ಅನಿಲ ಬಂದ ಮೇಲೂ ತೋರ್ತಿಯಾ ಬೇಯಿಸಲು ಸೌದೆ ಉಳಿದಿತ್ತು. ಇದರಲ್ಲಿ ಈಗ ವಿವಾದವಿಲ್ಲ. ನನ್ನ ತಕರಾರು ಬೇರೆ: ಏಣಿಯನ್ನು ಕೆಡವಿದವರೂ ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ನಮ್ಮ 2011ರ ಜನಗಣತಿಯೂ ಕೇಳಿದ್ದು ಅಡುಗೆಯ ಇಂಧನವನ್ನೇ. ಮಲೆನಾಡಿನಲ್ಲಿ ಸೌದೆ ಬೇರುಬಿಟ್ಟಿರುವುದು ಬಚ್ಚಲಲ್ಲಿ, ಹಂಡೆಯ ಕೆಳಗೆ.

ಉಜ್ವಲಾ ಯೋಜನೆಯ (2016) ಸಿಲಿಂಡರ್ ಬಂದ ಮನೆಯಲ್ಲೂ ಬಚ್ಚಲ ಒಲೆ ಉರಿದರೆ ಅದನ್ನು ಹಟವೆಂದೋ ಅಜ್ಞಾನವೆಂದೋ ಕರೆಯುವುದು ಸುಲಭ. ಲೆಕ್ಕ ಹಾಗೆ ಹೇಳುವುದಿಲ್ಲ. ಐದು ಜನರ ಮನೆಯಲ್ಲಿ ದಿನಕ್ಕೆ 100 ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಸುಮಾರು 10.5 ಮೆಗಾಜೂಲ್ ಶಾಖ ಬೇಕು. ಅನಿಲ ಒಲೆಯ ದಕ್ಷತೆ ಶೇ. 60 ಎಂದಿಟ್ಟುಕೊಂಡರೆ ಬೇಕಾಗುವ ಅನಿಲ ತಿಂಗಳಿಗೆ 11 ಕಿಲೋ ಮೀರುತ್ತದೆ, 14.2 ಕಿಲೋದ ಸಿಲಿಂಡರಿನ ಮುಕ್ಕಾಲಕ್ಕೂ ಹೆಚ್ಚು ಸ್ನಾನಕ್ಕೇ ಮುಗಿಯಿತು. ಸೌರ ಹೀಟರೋ, ಆಷಾಢದ ಮಳೆಯಲ್ಲಿ ನೆಚ್ಚುವಂಥದ್ದಲ್ಲ. ಒದ್ದೆ ಬಟ್ಟೆ ಒಣಗಿಸಲು ಬೆಂಕಿ ಬೇಕಾಗುವುದೂ ಆಗಲೇ.

ಉಳಿದದ್ದು ವಿದ್ಯುತ್ತು: ಅಷ್ಟೇ ನೀರಿಗೆ ತಿಂಗಳಿಗೆ ಕನಿಷ್ಠ 87 ಯೂನಿಟ್. ಇಲ್ಲಿ ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ನಿಯಮವನ್ನು ನಿಧಾನವಾಗಿ ಓದಬೇಕು. ಉಚಿತ ಮಿತಿ ನಿಗದಿಯಾದದ್ದು 2022–23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ, 2024ರ ತಿದ್ದುಪಡಿ ಕಡಿಮೆ ಬಳಕೆಯವರಿಗೆ ಅದರ ಬದಲು 10 ಯೂನಿಟ್ ಕೊಟ್ಟಿತು. 2022–23ರಲ್ಲಿ ಸೌದೆಯಲ್ಲಿ ನೀರು ಕಾಯಿಸಿ ತಿಂಗಳಿಗೆ ಸರಾಸರಿ 40 ಯೂನಿಟ್ ಬಳಸಿದ ಮನೆಗೆ ಮಿತಿ 50. ಈಗ ಗೀಸರ್ ಹಾಕಿದರೆ 77 ಯೂನಿಟ್‌ಗೆ ದುಡ್ಡು ಕಟ್ಟಬೇಕು. ಆಗಲೇ ಗೀಸರ್ ಇಟ್ಟುಕೊಂಡು 127 ಬಳಸಿದವರಿಗೆ ಅದಷ್ಟೂ ಉಚಿತ. ಸೌದೆ ಬಿಡಲು ಹೊರಟ ಮನೆಗೇ ನಿಯಮ ದಂಡ ಹಾಕುತ್ತದೆ ಎಂದರೆ ಅತಿಯಾದೀತೆ? ಇರಬಹುದು. ನಿಯಮದ ಉದ್ದೇಶ ಅದಲ್ಲ. ನನ್ನದು ಅಳತೆಯಲ್ಲ, ಅಂದಾಜು. ನೀರಿನ ಪ್ರಮಾಣ ಮನೆಮನೆಗೆ ಬೇರೆ. ಆದರೂ ಸಂಖ್ಯೆಗಳನ್ನು ಅರ್ಧಕ್ಕಿಳಿಸಿದರೂ ವ್ಯತ್ಯಾಸದ ದಿಕ್ಕು ಬದಲಾಗದು.

ಈ ವಾದ ಹೆಚ್ಚು ಹೊಂದುವುದು ಅಡಿಕೆ ತೋಟವಿರುವ ಮನೆಗೆ: ಸೋಗೆ, ಸಿಪ್ಪೆ ಅಲ್ಲಿ ಬಿಟ್ಟಿ, ಬೂದಿಯೂ ತೋಟಕ್ಕೆ. ತೋಟವಿಲ್ಲದ ಕೂಲಿಯವರ ಬಚ್ಚಲಿಗೆ ಸೌದೆ ಯಾರ ತಲೆಯ ಮೇಲೆ, ಎಷ್ಟು ದೂರದಿಂದ ಬರುತ್ತದೆ ಎಂಬುದನ್ನು ಒಂದು ಮಳೆಗಾಲ ಪೂರ್ತಿ ತೂಗಿ ನೋಡುವ ಕೆಲಸ ಬಾಕಿಯಿದೆ.