ಹಸುಗೂಸಿನ ಹಾಲು: ಆಯ್ಕೆ ಯಾರದು?

ಕೆಲವು ವರ್ಷಗಳ ಹಿಂದಿನ ಮಾತು. ಆಗಸ್ಟ್ ತಿಂಗಳ ಮೊದಲ ಭಾನುವಾರ. ವಿಶ್ವ ಸ್ತನ್ಯಪಾನ ಸಪ್ತಾಹದ ನಿಮಿತ್ತ ಅಂದಿನ ಬಲಿಪೂಜೆಯ ಪ್ರಬೋಧನೆಯಲ್ಲಿ ನಾನು ತಾಯಿಯ ಹಾಲಿನ ಹಿರಿಮೆಯನ್ನು ಬಣ್ಣಿಸಿದ್ದೆ. ಮಾತಿನ ಭರದಲ್ಲಿ, ಮಗುವಿಗೆ ಡಬ್ಬದ ಹಾಲು ಕುಡಿಸುವ ಇಂದಿನ ತಾಯಂದಿರಿಗೆ ಮಗುವಿನ ಹಿತಕ್ಕಿಂತ ತಮ್ಮ ಅನುಕೂಲವೇ ದೊಡ್ಡದಾಗಿದೆ ಎಂದೂ ಹೇಳಿಬಿಟ್ಟೆ. ಪೂಜೆ ಮುಗಿದ ಬಳಿಕ ಒಬ್ಬ ತರುಣ ತಾಯಿ ಕೂಸನ್ನೆತ್ತಿಕೊಂಡು ನನ್ನ ಬಳಿಗೆ ಬಂದಳು. "ಫಾದರ್, ಮಗು ಎಂಟನೆಯ ತಿಂಗಳಿಗೇ ಹುಟ್ಟಿತು. ಇಪ್ಪತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿತ್ತು. ಆಮೇಲೆ ಎಷ್ಟು ಪ್ರಯತ್ನಪಟ್ಟರೂ ನನಗೆ ಹಾಲು ಸಾಲಲಿಲ್ಲ. ಮನೆಯಲ್ಲಿ ದಿನವೂ ಕೇಳುವ ಮಾತನ್ನೇ ಇವತ್ತು ದೇವಾಲಯದಲ್ಲಿ ನೀವೂ ಹೇಳಿದಿರಿ" ಎಂದಳು. ಆಕೆಯ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಸಮಾಧಾನವಾಗುತ್ತಿತ್ತೇನೋ!

ಆಕೆಗೆ ಕೊಡಲು ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕುತ್ತಾ ನಾನು ಇತಿಹಾಸದ ಪುಟಗಳನ್ನು ತಿರುವಿದೆ. ಸ್ತನ್ಯಪಾನ ಸಪ್ತಾಹಕ್ಕೆ ಆಗಸ್ಟ್ ತಿಂಗಳ ಮೊದಲ ವಾರವೇ ಏಕೆ ಎಂಬ ಸಣ್ಣ ಪ್ರಶ್ನೆ ನನ್ನನ್ನು ಇಟಲಿಯ ಫ್ಲಾರೆನ್ಸ್ ನಗರದ ಒಂದು ಹಳೆಯ ಮನೆಯ ಬಾಗಿಲಿಗೆ ಕೊಂಡೊಯ್ದಿತು.

ಫ್ಲಾರೆನ್ಸಿನ ಅನಾಥಾಲಯ

ಆ ಮನೆಯ ಹೆಸರು 'ಇನ್ನೊಸೆಂತಿ'. ಹೆರೋದನ ಕತ್ತಿಗೆ ಬಲಿಯಾದ ಬೆತ್ಲೆಹೇಮಿನ ನಿರ್ದೋಷಿ ಕಂದಮ್ಮಗಳ ಸ್ಮರಣೆಯಲ್ಲಿಟ್ಟ ಹೆಸರದು. ಹೆತ್ತವರು ಸಾಕಲಾರದೆ ತೊರೆದ ಮಕ್ಕಳಿಗಾಗಿ ನಗರದ ರೇಷ್ಮೆ ವರ್ತಕರ ಸಂಘವು 1419ರಲ್ಲಿ ಇದನ್ನು ಕಟ್ಟಿಸತೊಡಗಿತು. ಮಹಾಶಿಲ್ಪಿ ಬ್ರೂನೆಲೆಸ್ಕಿ ಇದರ ವಿನ್ಯಾಸಕಾರ. 1445ರ ಫೆಬ್ರವರಿ 5ರಂದು, ಸಂತ ಅಗತಾಳ ಹಬ್ಬದ ದಿನ, ಮೊದಲ ಮಗುವೊಂದು ಇಲ್ಲಿಗೆ ಬಂದಿತು. ಆ ಹೆಣ್ಣುಕೂಸಿಗೆ ಅಗತಾ ಎಂದೇ ಹೆಸರಿಟ್ಟರು.

ಮನೆ ಸಿದ್ಧವಾಗಿತ್ತು, ತೊಟ್ಟಿಲು ಸಿದ್ಧವಾಗಿತ್ತು. ಆದರೆ ಹಾಲು? ಅಂದಿನ ಕಾಲದಲ್ಲಿ ತಾಯಿಯಿಲ್ಲದ ಶಿಶುವನ್ನು ಉಳಿಸಬಲ್ಲ ದಾರಿ ಬಹುಮಟ್ಟಿಗೆ ಒಂದೇ ಇತ್ತು: ಇನ್ನೊಬ್ಬ ತಾಯಿಯ ಎದೆ. ಆದ್ದರಿಂದ ಹಾಲೂಡುವ ದಾದಿಯರನ್ನು ಸಂಬಳಕ್ಕೆ ಗೊತ್ತುಮಾಡಲಾಯಿತು. ಅನೇಕ ಮಕ್ಕಳನ್ನು ಹಳ್ಳಿಗಳಲ್ಲಿದ್ದ ಬಡ ದಾದಿಯರ ಮನೆಗಳಿಗೆ ಕಳುಹಿಸಲಾಯಿತು. ಅವರಲ್ಲಿ ಹಿಂದಿರುಗಿ ಬಾರದವರು ಬಹಳ ಮಂದಿ.

ದಾದಿಯರನ್ನು ಅವಲಂಬಿಸಿದವರು ಅನಾಥರು ಮಾತ್ರವಲ್ಲ. ಫ್ಲಾರೆನ್ಸಿನ ಸಿರಿವಂತ ಮನೆಗಳ ಮಕ್ಕಳೂ ದಾದಿಯರ ಹಾಲಿನಲ್ಲೇ ಬೆಳೆದರು. ಅಂದಿನ ಗೃಹಸ್ಥರು ಬರೆದಿಟ್ಟ ಲೆಕ್ಕದ ಪುಸ್ತಕಗಳು ಇಂದಿಗೂ ಉಳಿದಿವೆ. ಅವು ಹೇಳುವ ಸಂಗತಿಯೊಂದು ನಮ್ಮನ್ನು ಚಿಂತನೆಗೆ ಹಚ್ಚುತ್ತದೆ. ಮಗುವಿಗೆ ಹಾಲೂಡುವ ಕರಾರು ನಡೆಯುತ್ತಿದ್ದುದು ಸಾಮಾನ್ಯವಾಗಿ ಮಗುವಿನ ತಂದೆಗೂ ದಾದಿಯ ಗಂಡನಿಗೂ ನಡುವೆ! ಹಾಲು ತಾಯಿಯದು, ಹಸಿವು ಮಗುವಿನದು, ಒಪ್ಪಂದ ಮಾತ್ರ ಇಬ್ಬರು ಗಂಡಸರದು. ಸಂಬಳಕ್ಕೆ ಎದೆಹಾಲನ್ನು ಮಾರಬೇಕಾದ ಬಡ ತಾಯಿಯ ಸ್ವಂತ ಕೂಸಿನ ಪಾಡು ಏನಾಯಿತೆಂದು ಆ ಪುಸ್ತಕಗಳಲ್ಲಿ ಹುಡುಕುವುದು ವ್ಯರ್ಥ.

ಮುನ್ನೂರು ವರ್ಷಗಳ ಬಳಿಕವೂ ಸ್ಥಿತಿ ಹೆಚ್ಚು ಬದಲಾಗಿರಲಿಲ್ಲ. 1780ರಲ್ಲಿ ಪ್ಯಾರಿಸ್ ನಗರದ ಪೊಲೀಸ್ ಮುಖ್ಯಾಧಿಕಾರಿಯಾಗಿದ್ದ ಲೆನ್ವಾರ್ ಒಂದು ಅಂದಾಜು ಮುಂದಿಟ್ಟರು. ನಗರದಲ್ಲಿ ವರ್ಷಕ್ಕೆ ಹುಟ್ಟುವ ಸುಮಾರು 21,000 ಮಕ್ಕಳಲ್ಲಿ ಹೆತ್ತ ತಾಯಿಯ ಹಾಲನ್ನೇ ಉಣ್ಣುವವರು ಸುಮಾರು 1,000 ಮಾತ್ರ. ಉಳಿದವರಲ್ಲಿ ಬಹುಪಾಲು ಮಕ್ಕಳು ಹಳ್ಳಿಯ ದಾದಿಯರ ಪಾಲು. ಈ ತಾಯಂದಿರೆಲ್ಲರೂ ವಿಲಾಸಿನಿಯರೇ? ಅಲ್ಲ. ಗಂಡನೊಡನೆ ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ ದುಡಿಯದಿದ್ದರೆ ಒಲೆ ಉರಿಯದ ಮನೆಯ ಹೆಂಗಸರು ಅವರಲ್ಲಿ ಅಸಂಖ್ಯರಿದ್ದರು.

ಡಬ್ಬದ ಹಾಲಿನ ಉದಯ

ಈ ಹಿನ್ನೆಲೆಯಲ್ಲಿ ನೋಡಿದರೆ ಹಾಲಿನ ಪುಡಿಯ ಆವಿಷ್ಕಾರವನ್ನು ಪಾಪವೆಂದು ಕರೆಯಲಾಗದು. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್ 1865ರಲ್ಲಿ ಹಸುವಿನ ಹಾಲು, ಗೋಧಿ ಹಿಟ್ಟು ಮತ್ತು ಮೊಳಕೆ ಧಾನ್ಯದ ಹಿಟ್ಟುಗಳಿಂದ ಶಿಶು ಆಹಾರವೊಂದನ್ನು ರೂಪಿಸಿದರು. 1867ರಲ್ಲಿ ಸ್ವಿಟ್ಜರ್ಲೆಂಡಿನ ವೆವೆ ಪಟ್ಟಣದ ಔಷಧ ತಯಾರಕ ಹೆನ್ರಿ ನೆಸ್ಲೆ ಹಾಲು, ಗೋಧಿ ಹಿಟ್ಟು, ಸಕ್ಕರೆಗಳ ತಮ್ಮ ಪುಡಿಯನ್ನು ಹೊರತಂದರು. ಮೊದಲ ತಿಂಗಳುಗಳಲ್ಲಿ ತಾಯಿಯ ಹಾಲೇ ಸಹಜ ಆಹಾರ, ಸಾಧ್ಯವಿರುವ ತಾಯಿ ಅದನ್ನೇ ಉಣಿಸಬೇಕು ಎಂದು ಸ್ವತಃ ನೆಸ್ಲೆಯವರೇ ಬರೆದಿದ್ದರೆಂಬುದು ಗಮನಾರ್ಹ.

ನಮ್ಮ ಮೈಸೂರಿಗೂ ಈ ಕಥೆಯಲ್ಲಿ ಪಾಲಿದೆ. 1950ರಲ್ಲಿ ಚೆಲುವಾಂಬಾ ವಿಲಾಸದಲ್ಲಿ ಆರಂಭಗೊಂಡ ಕೇಂದ್ರೀಯ ಆಹಾರ ಸಂಶೋಧನಾಲಯದ ವಿಜ್ಞಾನಿಗಳು ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನವನ್ನು ಕಂಡುಹಿಡಿದರು. ಕೊಬ್ಬು ಹೆಚ್ಚಿರುವ ಎಮ್ಮೆಯ ಹಾಲು ಅದಕ್ಕೆ ಒಗ್ಗದೆಂಬ ನಂಬಿಕೆ ಅಳಿಯಿತು. ಗುಜರಾತಿನ ಆನಂದದ ರೈತರ ಸಹಕಾರ ಸಂಘವು ಆ ವಿಧಾನವನ್ನು ಬಳಸಿ ದೇಶದಲ್ಲೇ ಶಿಶು ಆಹಾರ ತಯಾರಿಸಿತು. ತಾಯಿಯನ್ನು ಕಳೆದುಕೊಂಡ ಎಷ್ಟೋ ಕೂಸುಗಳಿಗೆ ಇಂಥ ಪುಡಿಯೇ ಆಸರೆಯಾಯಿತು.

ಹಾಗಾದರೆ ಕೇಡು ಎಲ್ಲಿ ನುಸುಳಿತು? ಅಗತ್ಯವಿಲ್ಲದವರಿಗೂ ಅಗತ್ಯವಿದೆಯೆಂದು ನಂಬಿಸಿದಲ್ಲಿ.

ತಾಯಿಯ ದೇಹದ ನಿಯಮ ಸರಳವಾದುದು. ಮಗು ಚೀಪಿದಷ್ಟೂ ಹಾಲು ಊರುತ್ತದೆ, ಚೀಪದಿದ್ದರೆ ಬತ್ತುತ್ತದೆ. ಹೆರಿಗೆಯಾದ ಹೊಸದರಲ್ಲಿ ಒಂದು ಡಬ್ಬ ಪುಡಿಯನ್ನು ಉಚಿತವಾಗಿ ಕೊಟ್ಟರೆ ಸಾಕು. ಡಬ್ಬ ಬರಿದಾಗುವ ಹೊತ್ತಿಗೆ ಎದೆಯೂ ಬತ್ತಿರುತ್ತದೆ. ಮುಂದಿನ ಡಬ್ಬವನ್ನು ಕೊಂಡೇ ತೀರಬೇಕು. ಕೊಳ್ಳುವ ಶಕ್ತಿಯಿಲ್ಲದ ತಾಯಿ ನಾಲ್ಕು ದಿನದ ಪುಡಿಯನ್ನು ಹತ್ತು ದಿನಕ್ಕೆ ನೀರಾಗಿಸುತ್ತಾಳೆ. ಆ ನೀರು ಶುದ್ಧವಲ್ಲದಿದ್ದರೆ, ಸೀಸೆಯನ್ನು ಕುದಿಸಲು ಸೌದೆಯಿಲ್ಲದಿದ್ದರೆ, ಭೇದಿ ಕಟ್ಟಿಟ್ಟದ್ದು.

ಎಚ್ಚರಿಸಿದವರು

ಇದನ್ನು ಬಹು ಹಿಂದೆಯೇ ಕಂಡವರು ಡಾ. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ. ಸಿಂಗಪುರದಲ್ಲಿ ಸಿಹಿ ಸೇರಿಸಿದ ಗಟ್ಟಿ ಹಾಲನ್ನು ಶಿಶುಗಳಿಗೆ ಯೋಗ್ಯವೆಂದು ಮಾರುತ್ತಿದ್ದುದನ್ನು ನೋಡಿ, 1939ರಲ್ಲಿ ಅಲ್ಲಿನ ರೋಟರಿ ಕ್ಲಬ್ಬಿನಲ್ಲಿ ಅವರು 'ಹಾಲು ಮತ್ತು ಕೊಲೆ' ಎಂಬ ಶೀರ್ಷಿಕೆಯ ಉಪನ್ಯಾಸ ನೀಡಿದರು. ತಪ್ಪು ಪ್ರಚಾರದಿಂದ ಸಾಯುವ ಮಕ್ಕಳ ಸಾವು ಕೊಲೆಯೇ ಎಂದರು. ಮೂರು ವರ್ಷಗಳ ಬಳಿಕ ಸಿಂಗಪುರ ಜಪಾನಿಗರ ವಶವಾಯಿತು. ವಿಲಿಯಮ್ಸ್ ಸೆರೆಶಿಬಿರ ಸೇರಿದರು. ಅಲ್ಲಿ 20 ಮಕ್ಕಳು ಹುಟ್ಟಿದರು, 20 ಮಕ್ಕಳೂ ತಾಯಿಯ ಹಾಲುಂಡರು, 20 ಮಕ್ಕಳೂ ಬದುಕಿದರು ಎಂದು ಅವರು ಮುಂದೆ ನೆನೆಯುತ್ತಿದ್ದರು. ಅರೆಹೊಟ್ಟೆಯ ಆ ತಾಯಂದಿರ ಬಳಿ ಮಾರಾಟಗಾರರು ಸುಳಿಯಲಿಲ್ಲ. ಧೈರ್ಯ ಹೇಳಲು ಒಬ್ಬ ವೈದ್ಯೆ ಮಾತ್ರ ಇದ್ದರು.

1974ರಲ್ಲಿ ಬ್ರಿಟನ್ನಿನ ಸೇವಾ ಸಂಸ್ಥೆಯೊಂದು ಬಡ ರಾಷ್ಟ್ರಗಳಲ್ಲಿ ಹಾಲಿನ ಪುಡಿಯ ಮಾರಾಟ ತಂತ್ರಗಳನ್ನು ಕುರಿತು ಕಿರುಹೊತ್ತಗೆ ಪ್ರಕಟಿಸಿದಾಗ ಲೋಕ ಎಚ್ಚೆತ್ತಿತು. ಈ ಹೋರಾಟದಲ್ಲಿ ನಮ್ಮ ಧರ್ಮಭಗಿನಿಯರ ಪಾತ್ರ ಮರೆಯುವಂಥದ್ದಲ್ಲ. ಅಮೆರಿಕದ ಒಹಾಯೊ ರಾಜ್ಯದ 'ಅಮೂಲ್ಯ ರಕ್ತದ ಭಗಿನಿಯರ' ಸಭೆಯು ಬ್ರಿಸ್ಟಲ್-ಮೈಯರ್ಸ್ ಎಂಬ ದೊಡ್ಡ ಕಂಪನಿಯಲ್ಲಿ ಷೇರು ಹೊಂದಿತ್ತು. ಹೊರದೇಶಗಳಲ್ಲಿ ಶಿಶು ಆಹಾರವನ್ನು ಹೇಗೆ ಮಾರುತ್ತಿದ್ದೇವೆಂಬ ವಿಷಯದಲ್ಲಿ ಕಂಪನಿಯು ಷೇರುದಾರರಿಗೆ ಸತ್ಯ ಹೇಳಿಲ್ಲವೆಂದು ಭಗಿನಿಯರು 1976ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದ ಮೆಟ್ಟಿಲೇರಿದರು. ಷೇರುದಾರರಿಗೆ ಇದರಿಂದ ಹಾನಿಯಾಗಿಲ್ಲವೆಂದು ನ್ಯಾಯಾಧೀಶರು 1977ರಲ್ಲಿ ದಾವೆಯನ್ನು ತಳ್ಳಿಹಾಕಿದರು. ನಿಜ, ಹಾನಿಯಾದದ್ದು ಷೇರಿಲ್ಲದ ಕೂಸುಗಳಿಗೆ! ಭಗಿನಿಯರು ಮೇಲ್ಮನವಿ ಸಲ್ಲಿಸಿದರು. 1978ರಲ್ಲಿ ರಾಜಿಯಾಗಿ, ಎರಡೂ ಕಡೆಯ ಮಾತುಗಳಿರುವ ವರದಿಯನ್ನು ಷೇರುದಾರರಿಗೆಲ್ಲ ಕಳುಹಿಸಲು ಕಂಪನಿ ಒಪ್ಪಿತು. ಆ ಭಗಿನಿಯರು ತಾಯಂದಿರನ್ನು ಗದರಿಸಲಿಲ್ಲ. ತಮ್ಮದೇ ಹಣ ಎಲ್ಲಿ, ಹೇಗೆ ದುಡಿಯುತ್ತಿದೆಯೆಂದು ಕೇಳಿದರು.

1981ರ ಮೇ 21ರಂದು ಜಿನೀವಾದಲ್ಲಿ ವಿಶ್ವ ಆರೋಗ್ಯ ಸಭೆಯು ಎದೆಹಾಲಿನ ಬದಲಿ ಆಹಾರಗಳ ಮಾರಾಟಕ್ಕೆ ನೀತಿಸಂಹಿತೆಯನ್ನು ಅಂಗೀಕರಿಸಿತು. ಪರವಾಗಿ 118 ಮತಗಳು, ವಿರುದ್ಧ ಒಂದೇ ಒಂದು: ಅಮೆರಿಕದ್ದು. ನಮ್ಮ ದೇಶ 1992ರಲ್ಲಿ ಈ ಕುರಿತು ಕಾಯಿದೆಯನ್ನೇ ಮಾಡಿ, 2003ರ ತಿದ್ದುಪಡಿಯಿಂದ ಅದನ್ನು ಬಿಗಿಗೊಳಿಸಿತು. ಶಿಶು ಆಹಾರದ ಜಾಹೀರಾತು ನಮ್ಮ ಟಿ.ವಿ.ಯಲ್ಲಿ ಕಾಣದಿರುವುದಕ್ಕೆ ಈ ಕಾಯಿದೆಯೇ ಕಾರಣ.

ಇನ್ನು ಫ್ಲಾರೆನ್ಸಿಗೆ ಮರಳೋಣ. 1990ರ ಆಗಸ್ಟ್ 1ರಂದು ಅನೇಕ ರಾಷ್ಟ್ರಗಳ ಪ್ರತಿನಿಧಿಗಳು ಅದೇ ಇನ್ನೊಸೆಂತಿ ಭವನದಲ್ಲಿ ಸೇರಿ, ಸ್ತನ್ಯಪಾನದ ರಕ್ಷಣೆ ಮತ್ತು ಬೆಂಬಲಕ್ಕಾಗಿ ಘೋಷಣೆಯೊಂದನ್ನು ಹೊರಡಿಸಿದರು. ಅದರ ನೆನಪಿಗಾಗಿಯೇ ಆಗಸ್ಟ್ ಮೊದಲ ವಾರದ ಸಪ್ತಾಹ. ತಾಯಿಯ ಹಾಲು ದೊರೆಯದ ಮಕ್ಕಳು ಶತಮಾನಗಳ ಕಾಲ ಅತ್ತ ಮನೆಯಲ್ಲಿ ಆ ಮಾತು ಹೊರಟಿತು. ಆ ಘೋಷಣೆ ತಾಯಂದಿರಿಗೆ ಮಾತ್ರ ಬುದ್ಧಿ ಹೇಳಲಿಲ್ಲ. ಆಸ್ಪತ್ರೆಗಳು ಏನು ಮಾಡಬೇಕು, ಸರ್ಕಾರಗಳು ಏನು ಮಾಡಬೇಕು, ದುಡಿಯುವ ತಾಯಿಯ ಹಕ್ಕುಗಳನ್ನು ಹೇಗೆ ಕಾಯಬೇಕು ಎಂದು ಹೇಳಿತು. ನನ್ನ ಪ್ರಬೋಧನೆಯಲ್ಲಿ ಇಲ್ಲದೇ ಹೋದದ್ದು ಇದೇ ಭಾಗ.

ನಮ್ಮ ಮನೆಯಂಗಳದಲ್ಲಿ

ಮಗು ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಮೊದಲ ಆರು ತಿಂಗಳು ಎದೆಹಾಲು ಮಾತ್ರ, ಆನಂತರ ಇತರ ಆಹಾರದೊಡನೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ. ಇದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗಿದ್ದವು. ಆದರೂ ಮೊದಲ ಗಂಟೆಯಲ್ಲಿ ಹಾಲುಂಡ ಮಕ್ಕಳು ನೂರಕ್ಕೆ ಸುಮಾರು 42 ಮಾತ್ರ. ಈ ಕೊರತೆಗೆ ಹೆರಿಗೆಯ ಹಾಸಿಗೆಯಲ್ಲಿ ಮಲಗಿರುವ ತಾಯಿಯೊಬ್ಬಳೇ ಹೊಣೆಯೇ? ಮೊದಲ ಹಳದಿ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲಿಸುವವರು ಯಾರು? ನಾಲಗೆಗೆ ಜೇನು ಸವರುವವರು ಯಾರು? "ನಿನಗೆ ಹಾಲು ಸಾಲದು" ಎಂದು ಬಾಣಂತಿಯ ಕಿವಿಯಲ್ಲಿ ದಿನಕ್ಕೆ ಹತ್ತು ಸಲ ಹೇಳುವವರು ಯಾರು? ಆತಂಕಗೊಂಡ ತಾಯಿಯಲ್ಲಿ ಹಾಲು ಸರಾಗವಾಗಿ ಇಳಿಯುವುದಿಲ್ಲವೆಂಬುದು ವೈದ್ಯರು ಬಲ್ಲ ಸತ್ಯ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿತು, ನಿಜ. ಆದರೆ ಬೀಡಿ ಕಟ್ಟುವ, ಕೂಲಿಗೆ ಹೋಗುವ, ಪರರ ಮನೆಯ ಪಾತ್ರೆ ತೊಳೆಯುವ ನಮ್ಮ ಧರ್ಮಕೇಂದ್ರಗಳ ತಾಯಂದಿರಲ್ಲಿ ಎಷ್ಟು ಮಂದಿಗೆ ಆ ರಜೆ ಸಿಕ್ಕಿದೆ?

ಎದೆಹಾಲಿಗೆ ಸಮನಾದುದು ಇಲ್ಲ. ರೋಗನಿರೋಧಕ ಶಕ್ತಿಯುಳ್ಳ ಆ ಜೀವಂತ ಆಹಾರವನ್ನು ಯಾವ ಕಾರ್ಖಾನೆಯೂ ಪೂರ್ಣವಾಗಿ ತಯಾರಿಸಲಾರದು. ಸಾಧ್ಯವಿರುವ ತಾಯಿಗೆ ಅದನ್ನು ಉಣಿಸುವ ಬಿಡುವು, ಊಟ, ನೆಮ್ಮದಿಗಳನ್ನು ಒದಗಿಸುವುದು ಗಂಡನ, ಅತ್ತೆಯ, ತವರಿನ ಕರ್ತವ್ಯ. ಅಕಾಲದಲ್ಲಿ ಹುಟ್ಟಿದ ಕೂಸಿಗೆ ತಾಯಿಯ ಹಾಲು ದೊರೆಯದಿದ್ದರೆ ಇಂದು ಎದೆಹಾಲಿನ ಬ್ಯಾಂಕುಗಳಿವೆ. ಮುಂಬಯಿಯ ಸಯಾನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಆರಂಭಿಸಿದ್ದು ಭಾರತದಲ್ಲಿ ಮೊದಲನೆಯದು. ಹಳೆಯ ಕಾಲದ ದಾದಿಯ ಹಾಲು ಇಲ್ಲಿ ದಾನದ ಹಾಲಾಗಿದೆ.

ಇದಾವುದೂ ಸಾಧ್ಯವಿಲ್ಲದಿದ್ದಾಗ, ತಾಯಿ ತೀರಿಹೋದಾಗ, ಆಕೆ ಸೇವಿಸುವ ಔಷಧ ಮಗುವಿಗೆ ಅಪಾಯಕರವಾದಾಗ, ವೈದ್ಯರು ಹೇಳಿದ ಹಾಲಿನ ಪುಡಿ ಮಗುವಿನ ಅನ್ನ. ಅದರಲ್ಲಿ ನಾಚಿಕೆಯಿಲ್ಲ, ಎಚ್ಚರ ಮಾತ್ರ ಬೇಕು. ಕುದಿಸಿದ ನೀರು ಕನಿಷ್ಠ 70 ಡಿಗ್ರಿಯಷ್ಟು ಬಿಸಿಯಿರುವಾಗಲೇ ಪುಡಿಯನ್ನು ಬೆರೆಸಿ, ಅಳತೆ ತಪ್ಪದೆ, ಹದವಾಗಿ ತಣಿಸಿ ಕುಡಿಸಬೇಕು. ತೊಳೆಯಲು ಕಷ್ಟವಾದ ಸೀಸೆಗಿಂತ ನಮ್ಮ ಅಜ್ಜಿಯರ ಒಳಲೆ ಅಥವಾ ಚಿಕ್ಕ ಲೋಟ ಮೇಲು.

ಆ ತರುಣ ತಾಯಿಗೆ ಅಂದು ನಾನು ಹೇಳಬೇಕಾಗಿದ್ದುದು ಈಗ ಹೊಳೆಯುತ್ತದೆ. "ಮಗಳೇ, ಗಾಜಿನ ಪೆಟ್ಟಿಗೆಯ ಮುಂದೆ ನೀನು ಇಪ್ಪತ್ತು ದಿನ ಕಾದೆ. ನಿನ್ನ ಮಗುವನ್ನು ಉಳಿಸಿಕೊಂಡೆ. ತಪ್ಪು ನಿನ್ನದಲ್ಲ, ನನ್ನ ಮಾತಿನದು" ಎನ್ನಬೇಕಾಗಿತ್ತು. ಮುಂದಿನ ವಾರ ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅತ್ತೆ ಬಾಗಿಲ ಬಳಿ ನಿಂತು ಕೇಳಿಸಿಕೊಂಡರು. ಹೊರಡುವಾಗ ಮಗು ಅತ್ತಿತು. ಒಳಗಿನಿಂದ ಬಿಸಿನೀರು ತಂದು, ಹಾಲು ಕದಡಿ, ಹದ ನೋಡಿ, ಸೊಸೆಯ ಕೈಗೆ ಲೋಟ ಕೊಟ್ಟವರು ಆ ಅತ್ತೆಯೇ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ ಬಾಣಂತಿಯಿದ್ದರೆ, ಮಗುವಿಗೆ ಏನು ಕುಡಿಸುತ್ತಿದ್ದಾಳೆಂದು ಕೇಳುವ ಮುನ್ನ ಆಕೆ ಊಟ ಮಾಡಿದಳೇ, ರಾತ್ರಿ ನಿದ್ರಿಸಿದಳೇ ಎಂದು ಕೇಳಿ. ಹಾಲಿನ ಚಿಂತೆ ಅಲ್ಲಿಂದಲೇ ಮೊದಲಾಗಲಿ.