ದಂತದ ಪೆಟ್ಟಿಗೆ

ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ದಿನಗಳಲ್ಲಿ, ಗಂಟೆ ಹೊಡೆಯಲು ಐದು ನಿಮಿಷ ಉಳಿದಾಗ ನಾನು ಮಕ್ಕಳಿಗೆ ಹೇಳುತ್ತಿದ್ದ ಕತೆಯೊಂದಿತ್ತು. ಅದು ಸ್ಕಾಟ್ಲೆಂಡಿನ ಗ್ಯಾಲೊವೇ ಸೀಮೆಯ ಒಡತಿ ಡೆವೊರ್ಗಿಲ್ಲಾಳ ಕತೆ. 1268ರಲ್ಲಿ ಅವಳ ಗಂಡ ಜಾನ್ ಬೇಲಿಯೊಲ್ ತೀರಿಕೊಂಡ. ಅವನ ಹೃದಯವನ್ನು ಕೆಡದಂತೆ ಮಾಡಿಸಿ, ಬೆಳ್ಳಿ ಕಟ್ಟಿನ ದಂತದ ಪೆಟ್ಟಿಗೆಯಲ್ಲಿಟ್ಟು ಜತೆಯಲ್ಲೇ ಇರಿಸಿಕೊಂಡಳು. ಊಟದ ಹೊತ್ತಿಗೆ ಪೆಟ್ಟಿಗೆಯ ಮುಂದೆ ಗಂಡನ ಪಾಲಿನದನ್ನು ಬಡಿಸಿ, ಆಮೇಲೆ ಅದನ್ನು ಬಡವರಿಗೆ ಕೊಡಿಸುತ್ತಿದ್ದಳಂತೆ. 1273ರಲ್ಲಿ ಅವನ ನೆನಪಿಗೆ ಡಂಫ್ರೀಸ್ ಪಟ್ಟಣದ ಹತ್ತಿರ ಕೆಂಪು ಮರಳುಗಲ್ಲಿನ ಮಠ ಕಟ್ಟಿಸಲು ತೊಡಗಿದಳು. 1290ರಲ್ಲಿ ಅವಳು ಸತ್ತಾಗ ಹೃದಯವನ್ನೂ ಅವಳ ಜತೆ ಅಲ್ಲಿಯೇ ಹೂಳಿದರು. ಆ ಮಠಕ್ಕೆ ಮಧುರ ಹೃದಯವೆಂಬ ಅರ್ಥದ ಹೆಸರು ಬಂತು. ಸ್ವೀಟ್‌ಹಾರ್ಟ್ ಅಬಿ ಎಂದು ಈಗಲೂ ಕರೆಯುತ್ತಾರೆ. ಕತೆ ಮುಗಿಯುವಾಗ ಹಿಂದಿನ ಬೆಂಚಿನ ಹುಡುಗರೂ ಸುಮ್ಮನಾಗಿರುತ್ತಿದ್ದರು.

ಊಟದ ವಿವರವನ್ನು ಬರೆದವನು ಅವಳು ಸತ್ತು ನೂರು ವರ್ಷ ಕಳೆದ ಮೇಲಿನವನು. ಅದಿರಲಿ, ಮಠ ಮಾತ್ರ ಸುಳ್ಳಲ್ಲ. ಆಕ್ಸ್‌ಫರ್ಡಿನ ಬೇಲಿಯೊಲ್ ಕಾಲೇಜೂ ಸುಳ್ಳಲ್ಲ. ಗಂಡ ಶುರುಮಾಡಿದ್ದ ಬಡ ವಿದ್ಯಾರ್ಥಿಗಳ ವಸತಿಯನ್ನು ಅವಳು ಬಿಡದೆ ನಡೆಸಿ, 1282ರಲ್ಲಿ ಅದಕ್ಕೆ ನಿಯಮಾವಳಿ ಬರೆಸಿಕೊಟ್ಟಳು. ಮುಖ್ಯಸ್ಥನನ್ನು ವಿದ್ಯಾರ್ಥಿಗಳೇ ತಮ್ಮೊಳಗಿಂದ ಆರಿಸಿಕೊಳ್ಳಬೇಕೆಂದು ಅದರಲ್ಲಿದೆ.

ನಿವೃತ್ತನಾದ ಮೇಲೆ ಬಿಡುವಾಗಿ ಓದುವಾಗ ಅವಳ ತವರಿನ ಕಡೆ ಕಣ್ಣು ಹೋಯಿತು. ತಂದೆ ಅಲನ್ 1234ರಲ್ಲಿ ಸತ್ತಾಗ ಉಳಿದವರು ಮೂವರು ಹೆಣ್ಣುಮಕ್ಕಳು, ಮತ್ತು ಮದುವೆಯ ಹೊರಗೆ ಹುಟ್ಟಿದ ಮಗ ಥಾಮಸ್. ಸೀಮೆ ಒಡೆಯಬಾರದು, ಥಾಮಸನೇ ಒಡೆಯನಾಗಲಿ ಎಂಬುದು ಗ್ಯಾಲೊವೇ ಜನರ ಇಚ್ಛೆ. ರಾಜ ಎರಡನೇ ಅಲೆಕ್ಸಾಂಡರ್ ಒಪ್ಪದೆ ಮೂವರು ಹೆಣ್ಣುಮಕ್ಕಳಿಗೆ ಹಂಚಿದ. ಜನ ದಂಗೆಯೆದ್ದರು, ಸೋತರು. 1235ರಲ್ಲಿ ಶರಣಾದ ಥಾಮಸನನ್ನು ಸೆರೆಯಲ್ಲಿಡಲು ಒಪ್ಪಿಸಿದ್ದು ಡೆವೊರ್ಗಿಲ್ಲಾಳ ಗಂಡನಿಗೇ. ಉತ್ತರ ಇಂಗ್ಲೆಂಡಿನ ಬಾರ್ನಾರ್ಡ್ ಕೋಟೆಯಲ್ಲಿ, ಸ್ವಂತ ಸೋದರಿಯ ಗಂಡನ ಮನೆಯಲ್ಲಿ, ಅವನು ಕೈದಿಯಾದ.

ಎಷ್ಟು ಕಾಲ? ಅರವತ್ತು ವರ್ಷ. ಗಂಡ ಸತ್ತ, ಹೃದಯ ಪೆಟ್ಟಿಗೆ ಸೇರಿತು, ಮಠ ಎದ್ದಿತು, ಡೆವೊರ್ಗಿಲ್ಲಾಳೂ ಮಣ್ಣಾದಳು. ಥಾಮಸ್ ಮಾತ್ರ ಹೊರಗೆ ಬರಲಿಲ್ಲ. ತಾಯಿಯ ಕಡೆಯ ರಾಜರಕ್ತದ ಹಕ್ಕಿನಿಂದ ಅವಳ ಮಗ ಜಾನ್ 1292ರಲ್ಲಿ ಸ್ಕಾಟ್ಲೆಂಡಿನ ರಾಜನಾದ, ಆಗಲೂ ಬಿಡಲಿಲ್ಲ. 1296ರಲ್ಲಿ ಜಾನನ ಮೇಲೆ ದಂಡೆತ್ತಿ ಬಂದ ಇಂಗ್ಲೆಂಡಿನ ಒಂದನೇ ಎಡ್ವರ್ಡ್, ಗ್ಯಾಲೊವೇ ಜನರನ್ನು ಒಲಿಸಿಕೊಳ್ಳಲು ಆ ಮುದುಕನನ್ನು ಬಿಡಿಸಿದ. ಅದೇ ವರ್ಷ ಜಾನ್ ಕಿರೀಟ ಕಳೆದುಕೊಂಡು ಲಂಡನ್ನಿನ ಟವರ್ ಕೋಟೆಗೆ ಕೈದಿಯಾಗಿ ಹೋದ. ಸೋದರಮಾವ ಹೊರಗೆ, ಸೋದರಳಿಯ ಒಳಗೆ.

ಅವಳನ್ನು ಕಪಟಿ ಎನ್ನಲು ನನಗೆ ಮನಸ್ಸಿಲ್ಲ. ಹದಿಮೂರರ ಆಸುಪಾಸಿನಲ್ಲಿ ಮದುವೆಯಾದವಳು. ಕೋಟೆಯ ಬೀಗದ ಕೈ ಗಂಡನದು, ಅವನ ನಂತರ ಗಂಡುಮಕ್ಕಳದು. ಆದರೆ ಥಾಮಸ್ ಹೊರಬಂದಿದ್ದರೆ ಕುತ್ತು ಬರುತ್ತಿದ್ದುದು ಅವಳ ಪಾಲಿನ ಭೂಮಿಗೆ. ಮಠಕ್ಕೆ ಅವಳು ದಾನ ಕೊಟ್ಟದ್ದೂ ಅದೇ ಗ್ಯಾಲೊವೇಯ ನೆಲವನ್ನು. ಅವಳ ಪ್ರೀತಿ ನಿಜ, ಆ ಸೆರೆಯೂ ನಿಜ. ಇಷ್ಟು ವರ್ಷ ನಾನು ಮಕ್ಕಳಿಗೆ ಅರ್ಧವನ್ನಷ್ಟೇ ಹೇಳಿದ್ದೆ.

ಮೊನ್ನೆ ಮೊಮ್ಮಗಳಿಗೆ ಪೂರ್ತಿ ಕತೆ ಹೇಳಿದೆ. ಹೃದಯದ ಪೆಟ್ಟಿಗೆಯ ಬಗ್ಗೆ ಏನಾದರೂ ಕೇಳುತ್ತಾಳೆಂದುಕೊಂಡಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಅಜ್ಜ, ಜೈಲಲ್ಲಿದ್ದವನಿಗೆ ಊಟ ಯಾರು ಬಡಿಸ್ತಿದ್ರು?"